ಹಿಂಡಿ ತಿನ್ನಲು ಹೋದ ನಾಲ್ಕು ದಿನ

ಈ ಪ್ರವಾಸಕ್ಕೆ ಕಾರಣ ಒಂದು ತಪ್ಪು. ತಪ್ಪು ನನ್ನದೇ.

ನಾನು ಕನ್ನಡದ ಕಥೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಹುಟ್ಟಿ ಬೆಳೆದಿದ್ದೆಲ್ಲ ಮೈಸೂರು. ಎರಡು ವರ್ಷದ ಹಿಂದೆ ಗದಗ ಸೀಮೆಯ ಒಂದು ಕಥೆ ಕೈಗೆ ಬಂತು. ಅದರಲ್ಲಿ ಒಬ್ಬ ಬಡ ಹೆಂಗಸು ಹೊಲದ ಬದುವಿನಲ್ಲಿ ಕೂತು ರೊಟ್ಟಿ, ಹಿಂಡಿ ತಿನ್ನುತ್ತಾಳೆ. ಮೈಸೂರಿನಲ್ಲಿ ಹಿಂಡಿ ಅಂದ್ರೆ ಹಸುವಿಗೆ ಹಾಕೋದು, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ಅದು. ಅಯ್ಯೋ ಪಾಪ, ಎಂಥ ಬಡತನ ಅಂತ ಕರಗಿಹೋದೆ. ನಿಘಂಟು ತೆಗೆಯಲಿಲ್ಲ. ಗೊತ್ತಿರುವ ಪದಕ್ಕೆ ಯಾರಾದರೂ ನಿಘಂಟು ತೆಗೀತಾರಾ? ಇಂಗ್ಲಿಷಿನಲ್ಲಿ ಆ ಹೆಂಗಸಿಗೆ ದನದ ಮೇವನ್ನೇ ತಿನ್ನಿಸಿಬಿಟ್ಟೆ. ಕಥೆ ಅಚ್ಚಾಯಿತು. ರೋಣದ ಕಡೆಯ ಓದುಗರೊಬ್ಬರು ಚಿಕ್ಕ ಪತ್ರ ಬರೆದರು: ‘ಮೇಡಂ, ಆಕಿ ಬಡವಿ ಇರಬಹುದು, ಎಮ್ಮಿ ಅಲ್ಲ. ಹಿಂಡಿ ಅಂದ್ರ ಶೇಂಗಾ ಚಟ್ನಿ.’

ನಾಚಿಕೆ ಜಾಸ್ತಿ ಆಗಿದ್ದು ಬೇರೆ ಕಾರಣಕ್ಕೆ. ನಮ್ಮಮ್ಮ ರೋಣ ತಾಲ್ಲೂಕಿನವಳು.

ಪತ್ರ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ‘ಸರಿ ಇದೆಯಲ್ಲ. ನಮ್ಮನೆ ಡಬ್ಬೀಲಿರೋ ಚಟ್ನಿಪುಡೀನೇ ಹಿಂಡಿ.’

‘ಮತ್ತೆ ನೀನ್ಯಾಕೆ ಯಾವತ್ತೂ ಹಾಗೆ ಕರೀಲಿಲ್ಲ?’

‘ಕರೆದಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ, 1973ರಲ್ಲಿ. ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ಆಮೇಲೆ ಚಟ್ನಿಪುಡಿ ಅಂದೆ.’

ಅಷ್ಟು ಹೇಳಿ ಕುಕ್ಕರ್ ಕೂಗ್ತು ಅಂತ ಎದ್ದು ಹೋದಳು. ಹೀಗೆ ಇನ್ನೆಷ್ಟು ಪದ ಬದಲಾಯಿಸಿಕೊಂಡಿದ್ದಾಳೋ ಅಂತ ನನಗೆ ಹತ್ತಿದ ಚಿಂತೆ ಬಿಡಲೇ ಇಲ್ಲ. ಈ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ವಾರ, 74ರ ಅಮ್ಮನನ್ನು ಹೊರಡಿಸಿಕೊಂಡು ರಾತ್ರಿ ರೈಲು ಹತ್ತಿದೆ.

ಮೊದಲ ದಿನ: ಹುಬ್ಬಳ್ಳಿ, ಧಾರವಾಡ

ಹರಿಹರ ದಾಟಿದಾಗ ಇನ್ನೂ ಕತ್ತಲು. ಸೇತುವೆ ಮೇಲೆ ಗಾಲಿಗಳ ಸದ್ದು ಟೊಳ್ಳಾಗುತ್ತಲ್ಲ, ಅದಕ್ಕೆ ನನಗೆ ಎಚ್ಚರವಾಯಿತು. ಎದುರಿನ ಬರ್ತಿನಲ್ಲಿ ಅಮ್ಮ ಆಗಲೇ ಎದ್ದು ಕೂತಿದ್ದಳು. ಕಿಟಕಿಗೆ ಮೂಗು ಒತ್ತಿ ‘ಹೊಳಿ ಬಂತು’ ಅಂದಳು.

ಹೊಳಿ. ಮೈಸೂರಿನ ಮನೆಯಲ್ಲಿ ಕಾವೇರಿ ಯಾವಾಗಲೂ ಹೊಳೆ ಅಥವಾ ನದಿ. ಇವಳ ಬಾಯಲ್ಲಿ ಹೊಳಿ ಕೇಳಿದ್ದು ಇದೇ ಮೊದಲು.

ತುಂಗಭದ್ರೆ ಬರೀ ನದಿಯಲ್ಲ, ಅಮ್ಮ ಐದು ವರ್ಷದ ಮಗುವಾಗುವವರೆಗೆ ಇದು ಗಡಿ. ಈ ದಂಡೆ ಮೈಸೂರು ರಾಜ್ಯ, ಆ ದಂಡೆ ಮುಂಬೈ ರಾಜ್ಯದ ಧಾರವಾಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಎರಡೂ ಒಂದಾದವು. ಗದಗ, ಹಾವೇರಿ ಅಂತ ಬೇರೆ ಜಿಲ್ಲೆಗಳಾಗಿದ್ದು 1997ರಲ್ಲಿ. ಅಮ್ಮ ಇವತ್ತಿಗೂ ‘ನಮ್ದು ಧಾರವಾಡ ಜಿಲ್ಲೆ’ ಅಂತಲೇ ಹೇಳೋದು.

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಪ್ರಪಂಚದಲ್ಲೇ ಅತಿ ಉದ್ದದ್ದು. ಮಂಡಿ ನೋವಿನ ತಾಯಿಯ ಜೊತೆ ನಡೆದರೆ ಆ ದಾಖಲೆಯ ಬಗ್ಗೆ ಅಷ್ಟೇನೂ ಹೆಮ್ಮೆ ಉಳಿಯುವುದಿಲ್ಲ. ಹೊರಗೆ ಬಂದು ಧಾರವಾಡಕ್ಕೆ ಚಿಗರಿ ಬಸ್ಸು ಹಿಡಿದೆವು. ಬಿ.ಆರ್.ಟಿ.ಎಸ್ ಬಸ್ಸಿಗೆ ಇಟ್ಟ ಹೆಸರು ಅದು. ಚಿಗರಿ ಅಂದ್ರೆ ಜಿಂಕೆ. ಸರಕಾರದವರು ಒಂದು ಬಸ್ಸಿಗೆ ಇಷ್ಟು ಚೆಂದದ, ಇಷ್ಟು ಊರಿನದೇ ಆದ ಹೆಸರು ಇಟ್ಟಿದ್ದು ನನಗಂತೂ ಆಶ್ಚರ್ಯ. ಅಮ್ಮ ಸೀಟಿನಲ್ಲಿ ಕೂತು ‘ಚಿಗರಿ, ಚಿಗರಿ’ ಅಂತ ಎರಡು ಸಲ ಹೇಳಿಕೊಂಡಳು. ಮರೆತ ಹಾಡಿನ ಸಾಲು ಸಿಕ್ಕವರ ಹಾಗೆ. ಪಕ್ಕದಲ್ಲಿದ್ದ ಹುಡುಗಿ ‘ಏನ್ರಿ ಅಜ್ಜಿ?’ ಅಂದಳು. ‘ಏನಿಲ್ಲವಾ’ ಅಂದಳು ಅಮ್ಮ. ಎರಡನೆಯ ಪದವೂ ವಾಪಸ್ ಬಂತು.

ಧಾರವಾಡದಲ್ಲಿ ಮೊದಲು ಸಾಧನಕೇರಿ, ಬೇಂದ್ರೆಯವರ ಮನೆ. ಇಲ್ಲಿಗೆ ಬಂದವರೆಲ್ಲ ಕೆರೆ ನೋಡಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಾವೂ ತೆಗೆಸಿಕೊಂಡೆವು, ಸುಳ್ಳು ಯಾಕೆ. ಆದರೆ ನನ್ನ ತಲೆಯಲ್ಲಿ ಇದ್ದಿದ್ದು ಬೇರೆ. ಬೇಂದ್ರೆಯವರ ಮನೆಮಾತು ಮರಾಠಿ. ಬರೆದಿದ್ದು ಅಪ್ಪಟ ಧಾರವಾಡ ಕನ್ನಡ. ಕಾಳಿದಾಸನ ಮೇಘದೂತವನ್ನೂ ಕನ್ನಡಕ್ಕೆ ತಂದರು. ಕಾವ್ಯನಾಮದಲ್ಲಿ ತಾಯಿ ಅಂಬಿಕೆಯ ಹೆಸರನ್ನೇ ಮುಂದೆ ಇಟ್ಟುಕೊಂಡರು. ಇದೇ ಊರಿನ ಕಾಲೇಜಿನಲ್ಲಿ ಜಿ.ಎ. ಕುಲಕರ್ಣಿ ಇಂಗ್ಲಿಷ್ ಪಾಠ ಮಾಡುತ್ತ ಮರಾಠಿಯಲ್ಲಿ ಕಥೆ ಬರೆದರು. ಕೊಂಕಣಿ ಮನೆಮಾತಿನ ಕಾರ್ನಾಡರು ಕನ್ನಡದಲ್ಲಿ ನಾಟಕ ಬರೆದು, ಆಮೇಲೆ ತಾವೇ ಇಂಗ್ಲಿಷ್ ಮಾಡಿದರು. ಈ ಊರಲ್ಲಿ ಎರಡು ಭಾಷೆ ಇಲ್ಲದೆ ಸಾಹಿತಿ ಆಗೋದೇ ಕಷ್ಟವಿತ್ತೇನೋ ಅನ್ನಿಸುತ್ತದೆ.

ಸುಭಾಷ್ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದ ಕತೆಯನ್ನು ಅಮ್ಮನಿಗೆ ಹೇಳಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ ಅದು. ಬೇಂದ್ರೆ, ಕುರ್ತಕೋಟಿ, ಕಾರ್ನಾಡ, ರಾಮಾನುಜನ್ ಎಲ್ಲ ಅಲ್ಲಿ ಕೂತು ಹರಟಿದವರು. ‘ಅಟ್ಟ ಅಂದ್ರ ನಮ್ಮನ್ಯಾಗ ಉಳ್ಳಾಗಡ್ಡಿ ಹಾಕ್ತಿದ್ರು’ ಅಂದಳು ಅಮ್ಮ. ಉಳ್ಳಾಗಡ್ಡಿ! ನಮ್ಮ ಮನೆಯಲ್ಲಿ 50 ವರ್ಷದಿಂದ ಈರುಳ್ಳಿ. ನಾನು ಫೋನಿನಲ್ಲಿ ಪಟ್ಟಿ ಬರೆದುಕೊಳ್ಳಲು ಶುರು ಮಾಡಿದೆ. ಹೊಳಿ, ವಾ, ಉಳ್ಳಾಗಡ್ಡಿ.

ಸಂಜೆ ಲೈನ್ ಬಜಾರಿನಲ್ಲಿ ಪೇಡೆಯ ಸಾಲು. ಅರ್ಧ ಕೆ.ಜಿ. ತೆಗೆದುಕೊಂಡು ಲಾಡ್ಜಿಗೆ ಬಂದೆವು. ರಿಜಿಸ್ಟರಿನಲ್ಲಿ ಉದ್ಯೋಗದ ಜಾಗದಲ್ಲಿ ಅನುವಾದಕಿ ಅಂತ ಬರೆದೆ. ಮ್ಯಾನೇಜರು ಓದಿ, ‘ಅಂದ್ರ ಆ ಬೂಕರ್ ಬಂತಲ್ರಿ ಮಡಿಕೇರಿ ಮೇಡಂಗ, ಆ ಕೆಲ್ಸಾನ?’ ಅಂದರು.

ಅದೇ ಕೆಲಸ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅನುವಾದ ಮಾಡಿದ ದೀಪಾ ಭಾಸ್ತಿಯವರ ಹೆಸರೂ ಎಲ್ಲರ ಬಾಯಲ್ಲಿ ಬಂತು. ಬಹುಮಾನದ 50,000 ಪೌಂಡಿನಲ್ಲಿ ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. ನಮ್ಮ ನೆಂಟರಿಗೆ ನಾನು ಮಾಡೋದು ಒಂದು ಕೆಲಸ ಅಂತ ಗೊತ್ತಾಗಿದ್ದೇ ಆವತ್ತು. ಬಾನು ಅವರ ಹಾಸನದ ಮನೆಗಳಲ್ಲಿ ಆಡುವ ಮಾತನ್ನು ದೀಪಾ ಇಂಗ್ಲಿಷಿಗೆ ತಂದರೂ ಪೂರ್ತಿ ಒಗೆದು ಇಸ್ತ್ರಿ ಮಾಡಲಿಲ್ಲ. ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಕೆಳಗೆ ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಓದಿದಾಗ ನನಗೆ ಧೈರ್ಯ ಬಂತು. ಜೊತೆಗೆ ಹೊಟ್ಟೆಯಲ್ಲಿ ಚುಳಕ್ ಅಂತು. ಪದವನ್ನು ಹಾಗೇ ಬಿಡಬೇಕಾದರೆ ಮೊದಲು ಅದು ನನಗೆ ಗೊತ್ತಿರಬೇಕಲ್ಲ.

ಮ್ಯಾನೇಜರಿಗೆ ‘ಹೌದು, ಅದೇ. ಆದರೆ ನನಗಿನ್ನೂ ಬಂದಿಲ್ಲ’ ಅಂದೆ. ‘ಬರ್ತೈತಿ ತಗೋರಿ’ ಅಂದರು, ಬಿಸಿನೀರಿನ ವಿಷಯ ಹೇಳುವ ದನಿಯಲ್ಲೇ. ಬಿಸಿನೀರು ಬರಲಿಲ್ಲ.

ಎರಡನೆಯ ದಿನ: ಅಣ್ಣಿಗೇರಿ, ಗದಗ

ಗದಗಿನ ಬಸ್ಸಿನಲ್ಲಿ ಅಣ್ಣಿಗೇರಿಗೆ ಟಿಕೆಟ್ ಕೇಳಿದಾಗ ಅಮ್ಮ, ‘ಅಲ್ಲೇನೈತಿ?’ ಅಂದಳು. ಅಲ್ಲಿ ಕಲ್ಯಾಣಿ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಇದೆ. ಕಂಬಗಳಿಗೆ ಕೈ ಇಟ್ಟರೆ ಮಧ್ಯಾಹ್ನವೂ ತಂಪು. ನಾನು ಹೋಗಿದ್ದು ಮಾತ್ರ ಪಂಪನ ತಾಯಿಗಾಗಿ.

ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಇದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯಲ್ಲಿ. ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಅದರಲ್ಲಿದೆ. ಯೋಚನೆ ಮಾಡಿ. ಮಕ್ಕಳು ಅಷ್ಟು ದೂರ ಹೋಗಿ ನೆಲೆಸಿ, ಬೇರೆ ಭಾಷೆಯ ಸೀಮೆಯಲ್ಲಿ ಕಲ್ಲು ಕೆತ್ತಿಸುವಾಗಲೂ ತಾಯಿಯ ತವರಿನ ಹೆಸರು ಬಿಟ್ಟಿಲ್ಲ. ನಾನು ಹಿಂಡಿಯ ಹೆಸರನ್ನೇ ಬಿಟ್ಟಿದ್ದೆ.

ಗುಡಿಯ ಕಟ್ಟೆಯಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಅಮ್ಮ ಕೇಳಿ, ‘ಆಕೀಗೂ ಅತ್ತಿಮನ್ಯಾಗ ನಕ್ಕಿರಬೇಕು’ ಅಂದಳು.

ಗದಗಿನಲ್ಲಿ ವೀರನಾರಾಯಣನ ದರ್ಶನ. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಒರಗಿ ಕೂತು, ಬಟ್ಟೆ ಆರುವವರೆಗೂ ಭಾರತ ಬರೆಯುತ್ತಿದ್ದ ಅಂತ ತೋರಿಸುವ ಕಂಬ ಅಲ್ಲಿದೆ. ಅವನಿಗೆ ಒಂದು ಜಂಬ ಇತ್ತು, ತಾನೇ ಹೇಳಿಕೊಂಡಿದ್ದಾನೆ. ಹಲಗೆ ಬಳಪ ಹಿಡಿಯದೆ ಬರೆದೆ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಅಂತ. ವ್ಯಾಸನ ಕತೆಯನ್ನು ಸಂಸ್ಕೃತದಿಂದ ಎತ್ತಿಕೊಂಡು ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವ ಮಾಡಿದವನು ಒಂದು ಪದವನ್ನೂ ಅಳಿಸಲಿಲ್ಲವಂತೆ. ಇಲ್ಲಿ ಎಂಟು ಪುಟದ ಕಥೆಗೆ ನನ್ನ ಕಂಪ್ಯೂಟರಿನಲ್ಲಿ ಹನ್ನೊಂದು ಕರಡು ಇವೆ. ಕಂಬಕ್ಕೆ ಕೈ ಮುಗಿದೆ. ಭಕ್ತಿ ಅರ್ಧ, ಹೊಟ್ಟೆಕಿಚ್ಚು ಅರ್ಧ.

ಊಟಕ್ಕೆ ಖಾನಾವಳಿ. ತಟ್ಟೆಯ ಮೂಲೆಯಲ್ಲಿ ಕೆಂಪಗೆ ಒಂದು ಚಮಚ ಹಿಂಡಿ, ಅದರ ಮೇಲೆ ಮೊಸರು. ಬಡಿಸುವವನು ‘ಹಿಂಡಿ ಹಾಕ್ಲೇನ್ರಿ ಇನ್ನಷ್ಟು?’ ಅಂದಾಗ ಅಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

ಮೂರನೆಯ ದಿನ: ಅಮ್ಮನ ಊರು

ಊರಿನ ಹೆಸರು ಬೇಡ. ರೋಣದಿಂದ ಇನ್ನಷ್ಟು ದೂರ, ಎರೆ ಭೂಮಿ. ರಸ್ತೆಯ ಎರಡೂ ಕಡೆ ಕರಿಮಣ್ಣು, ಆಳೆತ್ತರದ ಬಿಳಿಜೋಳ, ನಡುವೆ ಕಡಲೆ, ಕುಸುಬೆ. ಮಾವ, ಅಂದ್ರೆ ಅಮ್ಮನ ತಮ್ಮ, ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದ. ‘ಏನ್ ಬೇ ಅಕ್ಕಾ, ಇಷ್ಟ್ಯಾಕ ಸೊರಗೀದಿ?’

‘ನಿನ್ನ ಕಣ್ಣಿಗೆ ನಾ ಯಾವತ್ತು ದಪ್ಪ ಕಂಡೀನಿ ತಮ್ಮಾ?’

ಬಂತು. ಪೂರ್ತಿ ಬಂತು. ಅಲ್ಲಿಂದ ಮುಂದೆ ಅಮ್ಮ ಆಡಿದ ಮಾತು ನನಗೆ ನೂರಕ್ಕೆ ಎಂಬತ್ತು ಅರ್ಥವಾಯಿತು, ಇಪ್ಪತ್ತು ಊಹೆ. ಮಾತಿನ ವೇಗವೇ ಬೇರೆ. ದನಿ ಒಂದು ಮೆಟ್ಟಿಲು ಮೇಲಕ್ಕೆ. ಕೈಯೂ ಮಾತಾಡುತ್ತಿತ್ತು. ಮೈಸೂರಿನಲ್ಲಿ ಈ ಕೈಗಳು ಮಡಿಲಲ್ಲಿ ಸುಮ್ನೆ ಇರುತ್ತವೆ. ಈ ‘ಬೇ’ ಒಂದು ನೋಡಿ. ಅಕ್ಕನಿಗೂ ಬೇ, ಹೆಂಡತಿಗೂ ಬೇ, ಅವ್ವನಿಗೂ ಬೇ. ಸಲುಗೆ, ಅಕ್ಕರೆ, ಒಮ್ಮೊಮ್ಮೆ ಜಗಳ, ಎಲ್ಲಕ್ಕೂ ಒಂದೇ ಅಕ್ಷರ. ಇದಕ್ಕೆ ಇಂಗ್ಲಿಷಿನಲ್ಲಿ ಏನು ಹಾಕ್ತೀರಿ? ಹಿಂದೆ ಒಬ್ಬ ಸಂಪಾದಕರು ‘ರಿ’ ಬಂದ ಕಡೆಯೆಲ್ಲ ‘ಸರ್’ ಹಾಕಿ ಅಂದಿದ್ದರು. ಹಾಕಿದ್ದೆ ಕೂಡ. ಧಾರವಾಡದ ಗಂಡ ಹೆಂಡತಿ ಇಂಗ್ಲಿಷಿನಲ್ಲಿ ಬ್ಯಾಂಕಿನ ನೌಕರರ ಹಾಗೆ ಮಾತಾಡಿದ್ದರು.

ಮನೆಯಲ್ಲಿ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಕಡೆ ತಟ್ಟುವುದು, ಇಲ್ಲಿ ಬಡಿಯುವುದು. ತಟ್ಟುವುದಕ್ಕೂ ಬಡಿಯುವುದಕ್ಕೂ ಏನು ವ್ಯತ್ಯಾಸ ಅಂತ ಕೇಳುವ ಮೊದಲೇ ಕಿವಿಗೆ ಗೊತ್ತಾಯಿತು. ಎರಡೂ ಅಂಗೈ ತಾಳಕ್ಕೆ ಬೀಳುತ್ತವೆ, ಹಿಟ್ಟು ತನ್ನಷ್ಟಕ್ಕೆ ತಾನೇ ತಿರುಗುತ್ತದೆ. ಪಕ್ಕದ ಮನೆಯಲ್ಲೂ ಅದೇ ಸದ್ದು. ಅಮ್ಮ ಸೀರೆ ಎತ್ತಿ ಕಟ್ಟಿ ‘ಸರಿ ಬೇ, ನಾ ನಾಕು ಬಡೀತೀನಿ’ ಅಂತ ಕೂತಳು. ಮೊದಲನೆಯದು ಹರಿಯಿತು. ಎರಡನೆಯದಕ್ಕೆ ಅಂಚು ಸೊಟ್ಟ. ಮೂರನೆಯದು ತವೆಯ ಮೇಲೆ ಹೂವಿನ ಹಾಗೆ ಉಬ್ಬಿತು. ಯಾರೂ ಏನೂ ಅನ್ನಲಿಲ್ಲ, ಅತ್ತೆ ಹಿಟ್ಟಿನ ಪರಾತವನ್ನು ಮೆಲ್ಲಗೆ ಅಮ್ಮನ ಕಡೆ ಸರಿಸಿದರು.

ಹಿಂಡಿ ಕುಟ್ಟಿದ್ದು ಮಧ್ಯಾಹ್ನ. ಹಿತ್ತಲಲ್ಲಿ ಕಲ್ಲಿನ ಒಳ್ಳು. ಹುರಿದು ಸಿಪ್ಪೆ ತೆಗೆದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಬ್ಯಾಡಗಿ ಮೆಣಸಿನಕಾಯಿಯ ಖಾರ. ನಾನು ಒನಕೆ ಹಿಡಿದೆ. ಹತ್ತು ನಿಮಿಷಕ್ಕೆ ಪುಡಿಯಾಯಿತು. ಸಾಕಲ್ವಾ ಅಂದೆ.

‘ಇದು ನಿಮ್ಮ ಮೈಸೂರು ಚಟ್ನಿಪುಡಿ ಆತು’ ಅಂದರು ಅತ್ತೆ. ‘ಎಣ್ಣಿ ಬಿಡೂತನ ಕುಟ್ಟಬೇಕು.’

ಇನ್ನೂ ಹತ್ತು ನಿಮಿಷ. ತೋಳು ಬಿದ್ದುಹೋಯಿತು. ಆಮೇಲೆ ಪುಡಿ ಪುಡಿಯಾಗಿದ್ದದ್ದು ನಿಧಾನಕ್ಕೆ ಒಂದಕ್ಕೊಂದು ಅಂಟಿಕೊಂಡು, ಬಣ್ಣ ಗಾಢವಾಗಿ, ಒನಕೆಯ ತುದಿ ಮಿರಮಿರ ಮಿಂಚಿತು. ಮುಷ್ಟಿಯಲ್ಲಿ ಒತ್ತಿದರೆ ಬೆರಳ ಗುರುತು ಹಾಗೇ ನಿಂತಿತು. ಮಿಕ್ಸಿಯಲ್ಲಿ ಇದು ಆಗೋದಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದಿದ್ದು ಎಣ್ಣೆ ಪೂರ್ತಿ ಹೋದ ಹಿಂಡಿ. ಇದು ಎಣ್ಣೆ ಈಗ ತಾನೇ ಹೊರಗೆ ಬಂದ ಹಿಂಡಿ. ಅದೇ ಶೇಂಗಾ, ಅದೇ ಹೆಸರು. ದನಕ್ಕೂ ಮನುಷ್ಯರಿಗೂ ನಡುವೆ ಇರೋದು ಅಷ್ಟೇ.

ಸಂಜೆ ಹೊಲಕ್ಕೆ, ಸೀತನಿ ತಿನ್ನಲು. ಸೀತನಿ ಅಂದ್ರೆ ಎಳೆಯ ಜೋಳದ ತೆನೆ, ಕಾಳು ಇನ್ನೂ ಹಾಲು ತುಂಬಿಕೊಂಡಿರುವಾಗಲೇ ಸುಟ್ಟು ತಿನ್ನೋದು. ‘ಎಲ್ಲಾ ಜೋಳ ಸೀತನಿಗೆ ಬರೂದಿಲ್ಲ, ಸಕ್ಕರಿ ಮುಕ್ಕರಿ ಜೋಳ ಆದ್ರ ಭಾರಿ’ ಅಂದ ಮಾವ. ಅದಕ್ಕಂತಲೇ ಬದುವಿನ ಪಕ್ಕ ಎರಡು ಸಾಲು ಹಾಕಿದ್ದನಂತೆ. ಸಣ್ಣ ಕುಣಿ ತೋಡಿ ಕುಳ್ಳು ಉರಿಸಿ, ಕೆಂಡದಲ್ಲಿ ತೆನೆ ಹುಗಿದ. ಬೂದಿಯಿಂದ ತೆಗೆದು ಗೋಣಿಚೀಲದ ಮೇಲೆ ಹಾಕಿ ಕೋಲಿನಿಂದ ಬಡಿದ. ಉದುರಿದ ಕಾಳು ಹಸಿರು, ಬಿಸಿ, ಮೇಲೆ ಹೊಗೆಯ ವಾಸನೆ. ಒಂದು ಹಿಡಿ ಕಾಳು, ಒಂದು ಚಿಟಿಕೆ ಗುರೆಳ್ಳು ಹಿಂಡಿ, ಒಂದು ಚೂರು ಬೆಲ್ಲ. ಹಲ್ಲಿಗೆ ಸಿಕ್ಕಿದರೆ ಒಳಗಿನ ಹಾಲು ಸಿಡಿಯುತ್ತದೆ. ಐದನೆಯ ಮುಷ್ಟಿಗೆ ನಾನು ಅನುವಾದದ ವಿಚಾರ ಬಿಟ್ಟುಬಿಟ್ಟೆ.

ಕತ್ತಲಾಗುವಾಗ ಮಾವ ಅಮ್ಮನಿಗೆ, ‘ಅಕ್ಕಾ, ಮನಿಗೆ ಫೋನ್ ಹಚ್ಚು, ದೀಪಾ ಹಚ್ಚಾಕ ಹೇಳು, ನಾ ಗಾಡಿ ಅಲ್ಲಿ ಹಚ್ಚೇನಿ’ ಅಂದ. ಒಂದೇ ವಾಕ್ಯದಲ್ಲಿ ಮೂರು ಹಚ್ಚು, ಮೂರಕ್ಕೂ ಬೇರೆ ಕೆಲಸ. ಶಾಲೆಗೆ ಸೇರಿಸಿದರೆ ಸಾಲಿಗೆ ಹಚ್ಚೋದು, ಟಿ.ವಿ. ಹಾಕಿದರೂ ಹಚ್ಚೋದು. ಪಟ್ಟಿ ಬರೆಯುವ ಕೆಲಸ ಅಲ್ಲಿಗೆ ನಿಲ್ಲಿಸಿದೆ. ಫೋನಿನ ಬ್ಯಾಟರಿಯೂ ಮುಗಿದಿತ್ತು.

ನಾಲ್ಕನೆಯ ದಿನ: ಲಕ್ಷ್ಮೇಶ್ವರ, ಹಾವೇರಿ

ಮಾವನೇ ಕಾರು ಮಾಡಿ ಕಳಿಸಿದ, ಹಾವೇರಿಯವರೆಗೆ. ದಾರಿಯಲ್ಲಿ ಲಕ್ಷ್ಮೇಶ್ವರ. ಹಳೆಯ ಪುಲಿಗೆರೆ ಇದೇ. ಸೋಮೇಶ್ವರ ಗುಡಿಯಲ್ಲಿ ಶಿವ ಪಾರ್ವತಿ ಇಬ್ಬರೂ ನಂದಿಯ ಮೇಲೆ ಕೂತಿರುವ ಮೂರ್ತಿ ಇದೆ, ನೋಡಲೇಬೇಕಾದ್ದು.

ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗ, ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಹೇಳುತ್ತದೆ. ಕಿಸುವೊಳಲ್ ಅಂದ್ರೆ ಪಟ್ಟದಕಲ್ಲು, ಕೊಪಣ ಅಂದ್ರೆ ಕೊಪ್ಪಳ, ಪುಲಿಗೆರೆ, ಒಂಕುಂದ. 941ರಲ್ಲಿ ಪಂಪನೂ ತಾನು ಬರೆದಿದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಅಂದ. ಅಂದಹಾಗೆ ಕವಿರಾಜಮಾರ್ಗಕ್ಕೂ ದಂಡಿಯ ಸಂಸ್ಕೃತ ಕಾವ್ಯಾದರ್ಶವೇ ಬುನಾದಿ. ನಮ್ಮ ಕೈಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥದಲ್ಲೇ ಅರ್ಧ ಅನುವಾದಕನ ಕೆಲಸ ಇದೆ. ಈ ಮಾತನ್ನು ನಾನು ಸಭೆಗಳಲ್ಲಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಕಾರಿನಲ್ಲಿ ಫೋನಿನ ನಕ್ಷೆ ತೆಗೆದು ಅಮ್ಮನಿಗೆ ತೋರಿಸಿದೆ. ಇಲ್ಲಿ ಪಟ್ಟದಕಲ್ಲು, ಇಲ್ಲಿ ಪುಲಿಗೆರೆ, ನಡುವೆ ರೋಣ. ‘ನೋಡಮ್ಮ, ನಿನ್ನೂರು ತಿರುಳಿನ ಒಳಗೇ ಇದೆ. ನಿನ್ನ ಕನ್ನಡ ಕೇಳಿ ಮೈಸೂರಿನವರು ನಕ್ಕರಲ್ಲ!’

ಅಮ್ಮ ಪರದೆಯನ್ನು ಹತ್ತಿರ ಹಿಡಿದು ನೋಡಿದಳು. ‘ಆವತ್ತು ಊಟಕ್ಕೆ ಕೂತವರಿಗೆ ಇದನ್ನ ಹೇಳಾಕ ಯಾರೂ ಇರಲಿಲ್ಲಲ್ಲ’ ಅಂದಳು. ಸಿಟ್ಟಿರಲಿಲ್ಲ.

ಸವಣೂರಿನಲ್ಲಿ ಖಾರ ಕಟ್ಟಿಸಿಕೊಂಡು ಹಾವೇರಿ ತಲುಪಿದಾಗ ಸಂಜೆ. ಏಲಕ್ಕಿ ಹಾರದ ಅಂಗಡಿ ನೋಡಿದೆವು, ಬೆಲೆ ಕೇಳಿ ಹೊರಗೆ ಬಂದೆವು. ನನಗೆ ಹಾವೇರಿ ಅಂದ್ರೆ ಗಳಗನಾಥರು. ವರದಾ ತುಂಗಭದ್ರೆಗೆ ಸೇರುವ ಗಳಗನಾಥ ಊರಿನವರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. 1942ರಲ್ಲಿ ತೀರಿಕೊಂಡರು. ಅನುವಾದ ಮಾಡಿ ಇ-ಮೇಲ್ ಕಳಿಸಿ ಆರು ತಿಂಗಳು ಉತ್ತರಕ್ಕೆ ಕಾಯುವಾಗೆಲ್ಲ ನನಗೆ ಆ ಹೊರೆಯ ನೆನಪಾಗುತ್ತದೆ.

ರಾತ್ರಿ ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆದು ಆ ಹಳೆಯ ಕಥೆಯ ಫೈಲು ಬಿಚ್ಚಿದೆ. ದನದ ಮೇವು ಅಳಿಸಿದೆ. ಧೈರ್ಯವಾಗಿ ಹಿಂಡಿ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ, ಓರೆ ಮಾಡದೆ, ಅಡಿಟಿಪ್ಪಣಿ ಇಲ್ಲದೆ. ಓದಿ ನೋಡಿದೆ. ತಲೆ ಕೈಯಲ್ಲಿ ಹಿಡಿದು ಕೂತೆ.

‘ಏನಾತು?’ ಅಂದಳು ಅಮ್ಮ.

‘ಇಂಗ್ಲಿಷಿನಲ್ಲಿ ಹಿಂಡಿಗೂ ಹಿಂದಿಗೂ ಒಂದೇ ಸ್ಪೆಲ್ಲಿಂಗು ಅಮ್ಮ. ಈಗ ಅವಳು ಬದುವಿನ ಮೇಲೆ ಕೂತು ರೊಟ್ಟಿ ಜೊತೆ ಹಿಂದಿ ತಿಂತಿದಾಳೆ.’

ಅಮ್ಮ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮೇಲಿನ ಬರ್ತಿನವರು ಇಣುಕಿ ನೋಡಿದರು. ಕಣ್ಣೊರೆಸಿಕೊಂಡು, ‘ಮುಂದ ಶೇಂಗಾ ಅಂತ ಹಚ್ಚು’ ಅಂದಳು. ಹಚ್ಚಿದೆ. ಶೇಂಗಾ ಹಿಂಡಿ. ಸರಿಹೋಯಿತು ಅಂತ ಹೇಳಲಾರೆ, ಮೊದಲಿಗಿಂತ ವಾಸಿ.

ಹರಿಹರದ ಸೇತುವೆಯ ಟೊಳ್ಳು ಸದ್ದು ಬಂತು. ಅಷ್ಟರಲ್ಲಿ ಮೈಸೂರಿನಿಂದ ಪಕ್ಕದ ಮನೆಯವರ ಫೋನು. ‘ಹಾಂ ಹೇಳಿ, ರೈಲಲ್ಲಿದೀವಿ’ ಅಂದಳು ಅಮ್ಮ. ‘ಬೆಳಿಗ್ಗೆ ಬಂದುಬಿಡ್ತೀವಿ. ಊರಿಂದ ಚಟ್ನಿಪುಡಿ ತಂದಿದೀನಿ, ನಿಮಗೂ ಕೊಡ್ತೀನಿ.’

ಫೋನು ಇಟ್ಟು ನನ್ನ ಕಾಲ ಬಳಿಯ ಚೀಲ ನೋಡಿದಳು.

‘ಹಿಂಡಿ ಡಬ್ಬಿ ವಾಲೇತಿ ನೋಡ ಬೇ, ನೆಟ್ಟಗ ಇಡು. ಎಣ್ಣಿ ಬಿಡ್ತೈತಿ.’